ಮಾವನ ದೋಣಿ

ಅಕ್ಟೋಬರ್ ೧, ಶನಿವಾರ

ದಸರಾ ರಜೆಗೆ ಮುರುಡೇಶ್ವರಕ್ಕೆ ಹೋಗುವುದೆಂದು ಮೂರು ತಿಂಗಳ ಹಿಂದೆಯೇ ಮಾತಾಗಿತ್ತು. ಮಗಳು ಭಾಗುಗೆ ಒಂಬತ್ತು ತುಂಬಿತು, ಇನ್ನೂ ಸಮುದ್ರ ನೋಡಿಲ್ಲ. ಶ್ವೇತ ಆಗಲೇ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ಹಾಕಿದ್ದಳು. ನಿನ್ನೆ ಸಂಜೆ ಅವಳ ಅಪ್ಪ ಬಂದರು. ಕಾಫಿ ಲೋಟ ಕೆಳಗಿಡದೆಯೇ, "ಅಷ್ಟ್ ದೂರ ಯಾಕೆ? ದೋಣಿ ತಂದಿದೀನಿ. ಬೇತಮಂಗಲದ ಕೆರೆ ತುಂಬಿದೆ. ಎಲ್ರೂ ರಜ ಮುಗಿಯೋವರ್ಗೂ ಅಲ್ಲೇ ಇರೋಣ" ಎಂದರು. ಯಾರನ್ನೂ ಕೇಳಲಿಲ್ಲ. ಶ್ವೇತ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅಲ್ಲಿಗೆ ಮುರುಡೇಶ್ವರ ಮುಗಿಯಿತು.

ಮಾವ ಹನುಮಂತರಾಯಪ್ಪನವರು ನಮ್ಮ ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ ಫೋರ್‌ಮನ್ ಆಗಿದ್ದವರು. ನಿವೃತ್ತರಾಗಿ ಎರಡು ವರ್ಷವಾಯಿತು. ನಾನು ಅದೇ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದೇನೆ. ಹನ್ನೊಂದು ವರ್ಷದಿಂದ ಅಲ್ಲಿ ನನಗಿರುವ ಹೆಸರು ಅನಿಲ್ ಅಲ್ಲ, ಫೋರ್‌ಮನ್ ಅಳಿಯ. ಅವರ ಎದುರು ನಾನು ಒಂದು ಸಲವೂ ಇಲ್ಲ ಎಂದದ್ದಿಲ್ಲ. ಹಾಗೆಂದು ಹೌದು ಎಂದೂ ಮನಸ್ಸಿನಿಂದ ಹೇಳಿದ್ದಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಈ ಹಳೆಯ ನೋಟ್‌ಬುಕ್ಕಿನಲ್ಲಾದರೂ ಬರೆದಿಡೋಣ ಎನ್ನಿಸಿ ಕೂತಿದ್ದೇನೆ.

ದೋಣಿ ಎಲ್ಲಿಯದೆಂದರೆ, ಮುಚ್ಚಿಹೋದ ಯಾವುದೋ ರೆಸಾರ್ಟಿನದು. ಹದಿನಾಲ್ಕು ಅಡಿ ಉದ್ದದ ಫೈಬರ್ ದೋಣಿ, ಹಿಂದೆ ಕಚ್ಚಿಸುವ ಒಂದು ಸಣ್ಣ ಮೋಟಾರ್. ಮಾವ ಅದಕ್ಕೆ ನೀಲಿ ಬಣ್ಣ ಬಳಿದಿದ್ದಾರೆ. ಮೀನಿನ ಗುತ್ತಿಗೆಯವರ ಹತ್ತಿರ ಮಾತಾಡಿದ್ದೇನೆ, ಯಾರೂ ಏನೂ ಅನ್ನುವುದಿಲ್ಲ ಎನ್ನುತ್ತಾರೆ.

ಅಕ್ಟೋಬರ್ ೨, ಭಾನುವಾರ. ಬೇತಮಂಗಲ

ದೋಣಿಯನ್ನು ಟೆಂಪೊಗೆ ಕಟ್ಟಿ ತಂದೆವು. ರಾಬರ್ಟ್‌ಸನ್‌ಪೇಟೆ ದಾಟುವಾಗ ಜನ ಅಂಗಡಿಯಿಂದ ಹೊರಬಂದು ನೋಡಿದರು. ಮಾವ ಡ್ರೈವರ್ ಪಕ್ಕದಲ್ಲಿ. ನಾನು ಹಿಂದೆ, ದೋಣಿ ಜಾರದಂತೆ ಹಗ್ಗ ಹಿಡಿದು ನಿಂತು. ಯಾರೋ ತಮಿಳಿನಲ್ಲಿ, ಈ ಸಲ ಅಷ್ಟು ಮಳೆ ಬರುತ್ತದಾ ಸಾರ್, ಎಂದು ಕೂಗಿ ನಕ್ಕ. ಶ್ವೇತ, ಭಾಗು, ಅತ್ತೆ ತಾಯಮ್ಮ ಬಸ್ಸಿನಲ್ಲಿ ಬಂದರು. ಪುಣ್ಯವಂತರು.

ಉಳಿದುಕೊಂಡಿರುವುದು ಬಚ್ಚಪ್ಪ ಎಂಬುವವರ ಮನೆಯಲ್ಲಿ, ಕೆರೆಗೆ ಕೂಗಳತೆ. ಎರಡು ಹಸು ಇವೆ, ಮೀನು ಹಿಡಿಯಲು ಒಂದು ತೆಪ್ಪ ಇದೆ. ಅವರ ಹೆಂಡತಿ ಗಂಗರತ್ನಮ್ಮ ನಮಗೆ ಎರಡು ಕೋಣೆ ಗುಡಿಸಿ ಕೊಟ್ಟಿದ್ದಾರೆ. ದೋಣಿ ಇಳಿಸುವಾಗ ಬಚ್ಚಪ್ಪ ಬಗ್ಗಿ ಅದರ ಹೊಟ್ಟೆಯ ಮೇಲೆ ಕೈಯಾಡಿಸಿದರು.

"ಸಾ, ಇಂದ್ಗಡೆ ಸೀಳೈತೆ. ಬಣ್ಣ ಬಳ್ದವ್ರೆ, ಸೀಳು ಆಗೇ ಐತೆ."

"ಅದು ಬಣ್ಣ ಬಿಟ್ಕೊಂಡಿರೋದು," ಎಂದರು ಮಾವ.

"ಬಣ್ಣ ಆದ್ರೆ ಉಗುರು ಓಗಾಕಿಲ್ಲ ಸಾ. ನೋಡಿ, ಓಯ್ತದೆ."

"ಮೂವತ್ನಾಲ್ಕು ವರ್ಷ ಎಂಜಿನ್ ಬಿಚ್ಚಿ ಕಟ್ಟಿದೀನಪ್ಪ ನಾನು. ನೀನು ತೆಪ್ಪದ ಟ್ಯೂಬಿಗೆ ಗಾಳಿ ಹೊಡ್ಕೊ."

ಸಂಜೆ ದೋಣಿಯನ್ನು ನೀರಿಗಿಳಿಸಿ ನೋಡಿದೆವು. ಅರ್ಧ ಗಂಟೆಯಲ್ಲಿ ಪಾದ ಮುಳುಗುವಷ್ಟು ನೀರು. ಮಾವ ನನ್ನ ಕಡೆ ತಿರುಗಿ, "ನೀನು ಒಳಗೆ ಒರೆಸಿರಲಿಲ್ಲ ಅಲ್ವಾ?" ಎಂದರು. ಒರೆಸಿದ್ದೆ. ಎರಡು ಸಲ.

ಅಕ್ಟೋಬರ್ ೪, ಮಂಗಳವಾರ. ಆಯುಧಪೂಜೆ

ಮೋಟಾರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೆವು. ಮಾವನ ಹತಾರದ ಪೆಟ್ಟಿಗೆಗೂ ಪೂಜೆಯಾಯಿತು. ಆ ಪೆಟ್ಟಿಗೆಯ ಬೀಗದ ಕೈ ಅವರ ಜನಿವಾರದಷ್ಟೇ ಖಾಯಂ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವರಿಗೆ ಜನಿವಾರ ಇಲ್ಲ, ಬೀಗದ ಕೈ ಮಾತ್ರ ಕೊರಳಲ್ಲೇ ಇರುತ್ತದೆ.

ಹನ್ನೊಂದು ಗಂಟೆಗೆ ಐವರೂ ಹತ್ತಿದೆವು. ದೋಣಿಯ ಜೊತೆ ಬಂದಿದ್ದ ಲೈಫ್ ಜಾಕೆಟ್ ಎರಡೇ. ಒಂದನ್ನು ಭಾಗುಗೆ, ಇನ್ನೊಂದನ್ನು ಅತ್ತೆಗೆ ಕಟ್ಟಿದೆವು. ಮೊದಲು ಹತ್ತು ನಿಮಿಷ ಚೆನ್ನಾಗಿ ಹೋಯಿತು. ಭಾಗು ನೀರಿಗೆ ಕೈ ಇಳಿಬಿಟ್ಟು ಕಿಲಕಿಲ ನಗುತ್ತಿದ್ದಳು. ನಡುಗೆರೆಯಲ್ಲಿ ಮೋಟಾರ್ ಎರಡು ಸಲ ಕೆಮ್ಮಿ ನಿಂತಿತು. ಮಾವ ಸ್ಟಾರ್ಟರ್ ದಾರ ಎಳೆದರು. ಎಳೆದರು, ಎಳೆದರು. ಅಷ್ಟರಲ್ಲಿ ಹಲಗೆಯ ಕೆಳಗಿನಿಂದ ನೀರು ಬಂತು.

"ಎತ್ತು ಅನಿಲ್! ಕೂತು ಏನ್ ನೋಡ್ತಿದೀಯ? ಮಗ್ಗು ತಗೋ!"

ಎತ್ತಿ ಹಾಕಿದೆ. ನಾನು ಎತ್ತಿದಷ್ಟೂ ಬಂತು. ಪ್ಲಗ್‌ನಲ್ಲಿ ಕಸ ಇರಬಹುದು ಮಾವ, ಎಂದು ಒಂದು ಮಾತು ಹೇಳಿದೆ. ಅವರು ದಾರ ಬಿಟ್ಟು ನನ್ನನ್ನೇ ನೋಡಿದರು. "ಬಾಯಲ್ಲಿ ಕೆಲಸ ಮಾಡೋನೇ, ಕೈಯಲ್ಲಿ ಮಾಡೋದು ಯಾವಾಗ ಕಲಿತೀಯ?" ಕೆರೆಯ ಮೇಲೆ ಮಾತು ದೂರ ಹೋಗುತ್ತದೆ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಲೆಯೆತ್ತಿದರು. ಭಾಗು ನಗು ನಿಲ್ಲಿಸಿ ನನ್ನ ಮುಖವನ್ನು ನೋಡಿದಳು. ಬೇರೆ ಯಾವುದನ್ನು ಮರೆತರೂ ಆ ನೋಟವನ್ನು ನಾನು ಮರೆಯುವುದಿಲ್ಲ.

ಬಚ್ಚಪ್ಪ ತೆಪ್ಪದಲ್ಲಿ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಮಧ್ಯಾಹ್ನ ಶ್ವೇತ ಊಟಕ್ಕೆ ಬಡಿಸುತ್ತಾ, "ಮನಸ್ಸಿಗೆ ಹಚ್ಕೋಬೇಡಿ. ಅಪ್ಪ ಹಾಗೇ. ನನಗೆ ಈಗ ಕೇಳಿಸೋದೇ ಇಲ್ಲ" ಎಂದಳು. ನನಗೆ ಕೇಳಿಸುತ್ತದೆ.

ಅಕ್ಟೋಬರ್ ೫, ಬುಧವಾರ

ಮಾವ ಮೋಟಾರನ್ನು ಹಾಸಿದ ಚಾದರದ ಮೇಲೆ ಬಿಚ್ಚಿ ಕೂತಿದ್ದರು. ಒಂದು ಸ್ಕ್ರೂ ಎತ್ತಿ ಕೊಡಲು ಹೋದೆ. "ಮುಟ್ಬೇಡ, ಅದರ ಜಾಗ ನನಗೆ ಗೊತ್ತು" ಎಂದರು. ಸರಿ ಎಂದು ದೋಣಿಯ ಹತ್ತಿರ ಹೋದೆ.

ಕಾರ್ಖಾನೆಯಲ್ಲಿ ನನ್ನ ಕೆಲಸವೇ ಬಿರುಕು ಹುಡುಕುವುದು. ಬೆಸುಗೆಯ ಮೇಲೆ ಕೆಂಪು ದ್ರಾವಣ ಸವರಿ, ಒರೆಸಿ, ಬಿಳಿ ಪುಡಿ ಊದಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ತಾನಾಗಿ ಮೂಡುತ್ತದೆ. ಇಲ್ಲಿ ಆ ದ್ರಾವಣ ಎಲ್ಲಿಂದ ತರಲಿ? ಪೂಜೆಯಲ್ಲಿ ಉಳಿದಿದ್ದ ಕುಂಕುಮವನ್ನು ಭಾಗು ಬೊಗಸೆಯಲ್ಲಿ ತಂದಳು. ಬಕೆಟ್ ನೀರಿಗೆ ಕಲಸಿ ದೋಣಿಯೊಳಗೆ ಸುರಿದು, ದೋಣಿಯನ್ನು ಎರಡು ದಿಮ್ಮಿಗಳ ಮೇಲೆ ಎತ್ತಿಟ್ಟು, ಇಬ್ಬರೂ ಕೆಳಗೆ ನುಗ್ಗಿ ಅಂಗಾತ ಮಲಗಿದೆವು.

"ಅಪ್ಪ, ಬಂತು ಬಂತು! ನೀನು ಆ ಕಡೆ ನೋಡ್ತಿದೀಯ, ಇಲ್ಲಿ ನೋಡು, ನನ್ನ ತಲೆ ಮೇಲೆ!"

ನೀಲಿಯ ಮೇಲೆ ಸಣ್ಣ ಕೆಂಪು ಗೆರೆ. ಗೇಣುದ್ದ. ಒಂದು ಹನಿ ಅವಳ ಹಣೆಗೇ ಬಿತ್ತು. ಇಬ್ಬರೂ ನಕ್ಕೆವು. ಈ ರಜೆಯಲ್ಲಿ ನನಗೆ ರಜೆ ಅನ್ನಿಸಿದ್ದು ಅದೊಂದೇ ಗಳಿಗೆ.

ಮಾವನನ್ನು ಕರೆದು ತೋರಿಸಿದೆ. ಅವರು ನೋಡಿದರು. ನೋಡಿದ್ದು ನನಗೆ ಗೊತ್ತು. ಆಮೇಲೆ ಒಂದು ಬಕೆಟ್ ನೀರು ತಂದು ಆ ಜಾಗಕ್ಕೆ ಎರಚಿ, ಕೈಯಿಂದ ಉಜ್ಜಿ, "ನಿನ್ನ ಲ್ಯಾಬೋರೇಟರಿ ಆಟ ಎಲ್ಲ ಫ್ಯಾಕ್ಟ್ರೀಲಿಟ್ಕೊ. ಸ್ವಲ್ಪ ನೀರು ಎಲ್ಲ ದೋಣಿಗೂ ಬರ್ತದೆ" ಎಂದರು. ಕಣ್ಣೆದುರಿಗಿರುವುದನ್ನು ಒಪ್ಪಿಕೊಳ್ಳದ ಮನುಷ್ಯನಿಗೆ ಯಾರು ಏನು ಮಾಡಲಾದೀತು?

ಅಕ್ಟೋಬರ್ ೬, ಗುರುವಾರ

ಮಾವನಿಗೆ ಪೆಟ್ಟಾಗಿದೆ. ಮೋಟಾರಿನ ಮೇಲ್ಮುಚ್ಚಳ ಹಾಕದೆಯೇ ದಾರ ಎಳೆದಿದ್ದಾರೆ. ಎಂಜಿನ್ ಹಿಂದಕ್ಕೆ ಒದ್ದು, ಬಲಗೈಯ ಎರಡು ಬೆರಳು ದಾರದ ಸುತ್ತಿನಲ್ಲಿ ಸಿಕ್ಕಿ ಮುರಿದಿವೆ. ಕೆಜಿಎಫ್‌ಗೆ ಕರೆದುಕೊಂಡು ಹೋಗಿ ಮುಂಗೈತನಕ ಪಟ್ಟಿ ಹಾಕಿಸಿಕೊಂಡು ಬಂದೆ. ಅವರ ಮುಖ ಸಣ್ಣದಾಗಿತ್ತು.

ನನಗೆ ತುಂಬ ಬೇಸರವಾಯಿತು. ಆದರೂ ಒಂದು ಮಾತು ಬರೆಯಬೇಕು: ಪ್ಲಗ್‌ನಲ್ಲಿ ಕಸ ಇರಬಹುದೆಂದು ನಾನು ಮುಂಚೆಯೇ ಹೇಳಿದ್ದೆ.

ಮನೆಗೆ ಬಂದಮೇಲೆ ಕಾರ್ಖಾನೆಯ ಕ್ವಾರ್ಟರ್ಸಿಗೆ ವಾಪಸು ಹೋಗೋಣ ಎಂದಳು ಶ್ವೇತ. ಅತ್ತೆಯೂ ಹೂಂ ಎಂದರು. ನಾನೇ ಬೇಡವೆಂದೆ. ಇನ್ನೂ ಹತ್ತು ದಿನ ರಜೆಯಿದೆ, ದೋಣಿ ಸರಿಮಾಡಿದರೆ ಭಾಗುವಿನ ರಜೆ ಹಾಳಾಗುವುದಿಲ್ಲ. ಶ್ವೇತ ತನ್ನ ಅಪ್ಪ ಮಲಗಿದ್ದಾಗ ಕೊರಳಿನಿಂದ ಬೀಗದ ಕೈ ತೆಗೆದು ತಂದು ನನ್ನ ಕೈಯಲ್ಲಿಟ್ಟಳು.

"ಸರಿಮಾಡಿ. ಆದ್ರೆ ನಿಮ್ಮ ರೀತೀಲಿ ಮಾಡಿ."

ಅಕ್ಟೋಬರ್ ೭, ಶುಕ್ರವಾರ

ಎಂಥ ದಿನ! ಬೆಳಿಗ್ಗೆ ಮೊದಲ ಬಸ್ಸಿಗೇ ಮೋಟಾರನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಮಾರ್ಕೆಟ್ ಹಿಂದೆ ಮುನೇಶ್ ಎಂಬ ಮೆಕ್ಯಾನಿಕ್ ಇದ್ದಾನೆ. ಪಂಪ್‌ಸೆಟ್ಟು, ಜನರೇಟರು ರಿಪೇರಿ ಮಾಡುತ್ತಾನೆ. ಒಬ್ಬರ ಜೊತೆ ತೆಲುಗಿನಲ್ಲಿ, ಇನ್ನೊಬ್ಬರ ಜೊತೆ ತಮಿಳಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಲೇ ಕಾರ್ಬೊರೇಟರ್ ಬಿಚ್ಚಿ ತೊಳೆದು ಕಟ್ಟಿದ. ಒಳಗೆ ಹಳೆಯ ಪೆಟ್ರೋಲು ಬೆಲ್ಲದಂತೆ ಗಟ್ಟಿಯಾಗಿತ್ತು. ಪ್ಲಗ್‌ನಲ್ಲಿ ಕಸವೂ ಇತ್ತು. ನಾನು ಹೇಳಿದ್ದೇ.

ದೋಣಿಗೆ ಅಂಟಿಸಲು ಫೈಬರ್ ಬಟ್ಟೆ, ರೆಸಿನ್ ಅವನೇ ಕೊಡಿಸಿದ.

"ಸಾರ್, ಅಳೇ ಬಣ್ಣ ಪೂರ್ತಿ ಕೆರೀಬೇಕು. ಒಳಗೂ ಒರಗೂ ಎರಡ್ ಕಡೆ ಆಕಿ. ಮೂರ್ ದಿನ ಬಿಸ್ಲಲ್ಲಿ ಒಣಗ್ಲಿ. ಅರ್ಜೆಂಟ್ ಮಾಡಿದ್ರೆ ಚಪಾತಿ ಥರ ಎದ್ಬರ್ತದೆ."

ಮಧ್ಯಾಹ್ನದಿಂದ ಬಣ್ಣ ಕೆರೆದೆ. ಮಾವ ಜಗಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರ ಪೆಟ್ಟಿಗೆ ನನ್ನ ಪಕ್ಕದಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಎಲ್ಲ ಸ್ಪ್ಯಾನರ್‌ಗಳೂ ಅಂಕಿಯ ಪ್ರಕಾರ, ಎಣ್ಣೆಯ ಬಟ್ಟೆಯಲ್ಲಿ. ಕೈಗೆ ಎಷ್ಟು ಚೆನ್ನಾಗಿ ಕೂರುತ್ತವೆ! ಶ್ವೇತ ಮಜ್ಜಿಗೆ ತಂದಳು, ಭಾಗು ಬ್ರಷ್ ಹಿಡಿದಳು, ಅತ್ತೆ ಬಂದು ನಿಂತು ಹೋದರು. ನಾನು ತರಲು ಹೇಳಿದ್ದನ್ನು ಎಲ್ಲರೂ ತಂದುಕೊಡುತ್ತಿದ್ದರು. ಸಂಜೆ ಒಳಬದಿಗೆ ತೇಪೆ ಹಚ್ಚಿ ರೆಸಿನ್ ಬಳಿದೆವು. ಭಾಗು ಬಳಿದ ಜಾಗ ಅಂಕುಡೊಂಕಾಗಿತ್ತು. ಅವಳು ಅತ್ತ ಹೋದಮೇಲೆ ಅಳಿಸಿ ಮತ್ತೆ ಬಳಿದೆ. ಕೆಲಸ ಎಂದರೆ ಕೆಲಸ.

ಅಕ್ಟೋಬರ್ ೮, ಶನಿವಾರ

ಮೋಡ. ರೆಸಿನ್ ಬೆರಳಿಗೆ ಇನ್ನೂ ಸ್ವಲ್ಪ ಅಂಟುತ್ತಿತ್ತು. ಆದರೆ ಮುನೇಶ್ ಹೇಳುವ ಮೂರು ದಿನ ಗಿರಾಕಿಗೆ ಹೇಳುವ ಲೆಕ್ಕ. ನಾನು ವಸ್ತುಗಳನ್ನು ಮುಟ್ಟಿ ತಿಳಿದವನು. ಸಂಜೆ ಒಬ್ಬನೇ ನೀರಿಗಿಳಿಸಿದೆ. ಒಂದೇ ಎಳೆತಕ್ಕೆ ಮೋಟಾರ್ ಹತ್ತಿತು! ಕೆರೆಯ ಅರ್ಧದತನಕ ಹೋಗಿ ಬಂದೆ.

ದಡದಿಂದ ಮಾವ ಎಡಗೈ ಬೀಸಿ, "ಭಾರ ಎಲ್ಲ ಹಿಂದೆ ಹಾಕ್ಬೇಡ, ಹಿಂಬದಿ ಕೂರ್ತಿದೆ" ಎಂದು ಕೂಗಿದರು.

"ನೀವು ಸುಮ್ನೆ ಕೂತ್ಕೊಳ್ಳಿ ಮಾವ," ಎಂದೆ. ಜೋರಾಗಿಯೇ ಎಂದೆ. ಹನ್ನೊಂದು ವರ್ಷ ಬೇಕಾಯಿತು.

ಅವರು ಕೂತರು. ಎಲ್ಲರಿಗೂ ಕೇಳಿಸಿರಬೇಕು. ರಾತ್ರಿಯ ಊಟಕ್ಕೆ ಮಾವ ಎಡಗೈಯಲ್ಲಿ ಚಮಚ ಹಿಡಿದು ಕಷ್ಟಪಡುತ್ತಿದ್ದರು. ಅತ್ತೆ ಕಲಸಿಕೊಟ್ಟರು.

ಅಕ್ಟೋಬರ್ ೯, ಭಾನುವಾರ

ಮಳೆ. ದೋಣಿಯಲ್ಲಿ ಸೀಟಿನ ಕೆಳಗೆ ಸ್ವಲ್ಪ ತೇವ ಇತ್ತು. ಯಾರೂ ಬರುವ ಮುಂಚೆ ಒರೆಸಿದೆ. ಮಳೆಯದೇ ಇರಬೇಕು. ಮೇಲೊಂದು ಗೋಣಿ ಹಾಸಿದ್ದೇನೆ.

"ಅಪ್ಪ, ಇನ್ನೊಂದ್ಸಲ ಕುಂಕುಮ ಹಾಕಿ ನೋಡೋಣ್ವಾ? ನಾನು ತರ್ತೀನಿ," ಎಂದು ಭಾಗು ಹಿಂದೆ ಹಿಂದೆಯೇ ಬಂದಳು. ಬೇಡ ಎಂದೆ. ಮತ್ತೆ ಕೇಳಿದಳು. ಒಂದು ಸಲ ಹೇಳಿದರೆ ತಿಳಿಯುವುದಿಲ್ಲವೇ ಎಂದೆ. ಮಕ್ಕಳಿಗೆ ಎಲ್ಲವೂ ಆಟ.

ಅಕ್ಟೋಬರ್ ೧೦, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬೆಳಿಗ್ಗೆ ಹತ್ತಕ್ಕೆ ಹೊರಟೆವು. ನಾನು, ಶ್ವೇತ, ಭಾಗು, ಅತ್ತೆ. ಮಾವ ದಡದಲ್ಲೇ ಉಳಿದರು. ಬಚ್ಚಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಬಂದು, "ಇವತ್ತೇ ಓಗ್ಬೇಕಾ ಸಾ? ಗಾಳಿ ಎದ್ದೈತೆ. ನಾಳೀಕ್ ಓಗಿ" ಎಂದರು. ಗಾಳಿ ಅಂಥದ್ದೇನೂ ಇರಲಿಲ್ಲ. ಲೈಫ್ ಜಾಕೆಟ್‌ಗಳು ನಿನ್ನೆಯ ಮಳೆಗೆ ನೆನೆದು ಬೇಲಿಯ ಮೇಲಿದ್ದವು. ಶ್ವೇತ ತರಲು ಹೊರಟಳು. ಒದ್ದೆ ಜಾಕೆಟ್ ಹಾಕಿದರೆ ಮಗುವಿಗೆ ನೆಗಡಿಯಾಗುತ್ತದೆ, ಹದಿನೈದು ನಿಮಿಷದ ಸುತ್ತು, ಹತ್ತಿಕೊ ಎಂದೆ. ಅವಳು ಹತ್ತಿದಳು. ನಾನೇನೂ ಬಲವಂತ ಮಾಡಲಿಲ್ಲ.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ತಿರುಗಿ ಬರುವಾಗ ಗೋಣಿ ನೆನೆದು ಕಪ್ಪಾಗಿದ್ದನ್ನು ಅತ್ತೆ ಮೊದಲು ನೋಡಿದರು. ಎತ್ತಿ ನೋಡಿದರೆ ನಾನು ಹಾಕಿದ ತೇಪೆ ಒಂದು ಅಂಚಿನಲ್ಲಿ ಎದ್ದು ನೀರಿನೊಳಗೆ ತೂಗಾಡುತ್ತಿದೆ. ಎಲ್ಲರೂ ಗಾಬರಿಯಾಗಿ ಒಂದೇ ಕಡೆ ವಾಲಿದರು. ಹಾಗೆ ವಾಲದೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಭಾಗುವಿನ ಕೈಗೆ ಮಗ್ಗು ಕೊಟ್ಟೆ. ಅವಳು ಎರಡು ಸಲ ಎತ್ತಿ ಅಳಲು ಶುರುಮಾಡಿದಳು.

"ಅಳ್ಬೇಡ, ಎತ್ತು! ಅಳೋ ಕೈಯಲ್ಲಿ ಏನ್ ಕೆಲಸ ಆಗುತ್ತೆ? ಎತ್ತು!"

ಕೂಗಲೇಬೇಕಾಗಿತ್ತು. ಮೆತ್ತಗೆ ಹೇಳುವ ಸಮಯವಾಗಿರಲಿಲ್ಲ. ಶ್ವೇತ ಅವಳ ಕೈಯಿಂದ ಮಗ್ಗು ಕಿತ್ತುಕೊಂಡು ತಾನೇ ಎತ್ತತೊಡಗಿದಳು. ಮೋಟಾರ್ ನಿಂತಿತು. ದಡ ಇನ್ನು ಐವತ್ತು ಅಡಿ ಇರಬಹುದು. ಹಿಂಬದಿ ನೀರಿಗೆ ಕೂರುತ್ತಿತ್ತು. ಮೋಟಾರಿನ ಒಳಗೆ ನೀರು ಹೋದರೆ ಮುಗಿಯಿತು, ಮುನೇಶ್ ಎಚ್ಚರಿಸಿದ್ದ. ಅದಕ್ಕೇ ದೋಣಿಗೆ ಕಚ್ಚಿಸಿದ್ದ ತಿರುಪು ಬಿಚ್ಚಿ ಮೋಟಾರನ್ನು ಎರಡು ಕೈಯಲ್ಲೂ ಎತ್ತಿಕೊಂಡೆ. ಅಷ್ಟರಲ್ಲಿ ದೋಣಿ ಮಗುಚಿತು.

ನನಗೆ ಎದೆಯಷ್ಟು ನೀರು. ಅತ್ತೆ ದೋಣಿಯ ಅಂಚನ್ನು ಹಿಡಿದುಕೊಂಡರು. ಭಾಗು ಕಾಣಲಿಲ್ಲ. ಎಷ್ಟು ಹೊತ್ತು ಎಂದರೆ ಹೇಳಲಾರೆ, ಶ್ವೇತ ತುಂಬ ಹೊತ್ತು ಎನ್ನುತ್ತಾಳೆ. ಅಷ್ಟು ಹೊತ್ತೇನೂ ಆಗಿರಲಾರದು. ಶ್ವೇತ ಮುಳುಗಿ ಅವಳ ಜಡೆ ಹಿಡಿದು ಮೇಲಕ್ಕೆಳೆದಳು. ಬಚ್ಚಪ್ಪ ಆಗಲೇ ಸೊಂಟದತನಕ ನೀರಿಗಿಳಿದು ಬರುತ್ತಿದ್ದರು. "ಕೊಡಮ್ಮ, ಮಗಾನ ಇಲ್ಲಿ ಕೊಡಮ್ಮ" ಎಂದು ಭಾಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದರು. ಅವಳು ನೀರು ಕಾರಿದಳು, ಕೆಮ್ಮಿದಳು, ಆಮೇಲೆ ಅತ್ತಳು. ಅಳು ಕೇಳಿ ನನಗೆ ಜೀವ ಬಂತು.

ನಾನು ಹತ್ತಿರ ಹೋದೆ. ಶ್ವೇತ ನನ್ನ ಕೈಗಳನ್ನು ನೋಡಿದಳು. ಮೋಟಾರ್ ಇನ್ನೂ ನನ್ನ ಎದೆಗೆ ಒತ್ತಿಕೊಂಡೇ ಇತ್ತು. ಅದನ್ನು ಎಲ್ಲಿ ಇಡಬೇಕಾಗಿತ್ತು? ನೀರಿಗೆ ಬಿಟ್ಟಿದ್ದರೂ ಇವರೇ ಅನ್ನುತ್ತಿದ್ದರು.

ಅಕ್ಟೋಬರ್ ೧೧, ಮಂಗಳವಾರ

ಭಾಗುಗೆ ಜ್ವರ. ಡಾಕ್ಟರು ನೋಡಿ ಎದೆಯಲ್ಲಿ ನೀರಿಲ್ಲ, ಹೆದರಿಕೆಯ ಜ್ವರ ಎಂದರು. ಗಂಗರತ್ನಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾನು ಕೋಣೆಯೊಳಗೆ ಕಾಲಿಟ್ಟರೆ ಅವಳು ಹೊದಿಕೆಯನ್ನು ತಲೆಯತನಕ ಎಳೆದುಕೊಳ್ಳುತ್ತಾಳೆ. ಜ್ವರದ ಮಂಪರು. ಶ್ವೇತ ಮಾತಾಡುತ್ತಿಲ್ಲ. ಊಟ ಬಡಿಸುತ್ತಾಳೆ, ತಟ್ಟೆ ಎತ್ತುತ್ತಾಳೆ.

ಜಗಲಿಯ ಮೇಲೆ ಮಾವನ ಪಕ್ಕ ಹೋಗಿ ಕೂತೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೆರೆಯನ್ನು ನೋಡುತ್ತಾ, "ನಾನಾಗಿದ್ರೂ ಮೋಟಾರ್ ಬಿಡ್ತಿರ್ಲಿಲ್ಲ" ಎಂದರು. ಆಮೇಲೆ, "ತೇಪೆ ಸಣ್ಣದಾಯ್ತು. ಬಿರುಕಿಗಿಂತ ಒಂದೊಂದು ಗೇಣು ಜಾಸ್ತಿ ಇರ್ಬೇಕು. ನಾಳೆ ಇಬ್ರೂ ಸೇರಿ ಹಾಕೋಣ" ಎಂದರು. ಇಬ್ಬರೂ ಸೇರಿ! ಈ ಮಾತನ್ನು ಅವರ ಬಾಯಲ್ಲಿ ಕೇಳಲು ನಾನು ಹನ್ನೊಂದು ವರ್ಷ ಕಾದಿದ್ದೆ. ಕಣ್ಣು ತುಂಬಿ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮದುವೆಯಾದಂದಿನಿಂದ ಅತ್ತೆ ನನ್ನೊಡನೆ ಊಟವಾಯ್ತಾ, ಬಂದ್ರಾ ಎನ್ನುವುದನ್ನು ಬಿಟ್ಟು ಹೆಚ್ಚು ಮಾತಾಡಿದವರಲ್ಲ.

"ನಮ್ಮನೇಲಿ ಒಬ್ರು ಸಾಕಾಗಿತ್ತು ಅನಿಲ್," ಎಂದರು.

ಏನು ಹೇಳಿದರೆಂದು ಸರಿಯಾಗಿ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಒಳಗೆ ಹೋಗಿದ್ದರು.

ಅಕ್ಟೋಬರ್ ೧೨, ಬುಧವಾರ

ಹೋದರು. ಮೂವರೂ. ನಾನೂ ಮಾವನೂ ದೋಣಿ ಕೆರೆಯುತ್ತಿದ್ದಾಗ ಶ್ವೇತ ಚೀಲ ಹೆಗಲಿಗೇರಿಸಿಕೊಂಡು ಬಂದು, "ಬಂಗಾರಪೇಟೆಗೆ ಹೋಗ್ತಿದೀವಿ, ಸುಮಲತ ಚಿಕ್ಕಮ್ಮನ ಮನೆಗೆ" ಎಂದಳು. ಸುಮಲತ ಎಂದರೆ ಅತ್ತೆಯ ತಂಗಿ. ಯಾವಾಗ ಬರುತ್ತೀರಿ ಎಂದೆ. ಅವಳು ಭಾಗುವಿನ ಕೈ ಹಿಡಿದುಕೊಂಡಳು. ಮಾವ ಅತ್ತೆಯನ್ನು ನೋಡಿ, "ನೀನೆಲ್ಲಿಗೆ? ನನಗೆ ಕೈ ಹಿಂಗಾಗಿದೆ" ಎಂದರು. ಅತ್ತೆ, "ಎಡಗೈ ಇದೆಯಲ್ಲ" ಎಂದು ಹೇಳಿ ಬಸ್ ನಿಲ್ದಾಣದ ಕಡೆ ನಡೆದರು. ಬಚ್ಚಪ್ಪ ಚೀಲ ಹೊತ್ತು ಜೊತೆಗೆ ಹೋದರು. ಅವರನ್ನು ಯಾರು ಕರೆದಿದ್ದರು?

ಅಕ್ಟೋಬರ್ ೧೩, ಗುರುವಾರ

ಬಂಗಾರಪೇಟೆಗೆ ಹೋಗಿ ಬಂದೆ. ಚಿಕ್ಕತ್ತೆಯ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ. ರೈಲು ಬಂದಾಗಲೆಲ್ಲ ಮಾತು ನಿಲ್ಲಿಸಬೇಕು. ಅವರು ಬಾಗಿಲು ತೆಗೆದು, ಬನ್ನಿ ಎನ್ನದೆ, ಒಳಗೆ ಹೋಗಿ ಶ್ವೇತಳನ್ನು ಕಳಿಸಿದರು. ಮೆಟ್ಟಿಲ ಮೇಲೆಯೇ ಮಾತಾಯಿತು.

ದೋಣಿಗೆ ಈ ಸಲ ಎರಡು ಕಡೆಯೂ ತೇಪೆ ಹಾಕಿದ್ದೇವೆ, ಎರಡು ಪದರ, ಒಂದೊಂದು ಗೇಣು ಹೆಚ್ಚಿಗೆ, ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಭಾಗು ನೀರೊಳಗಿಂದ ಮೇಲೆ ಬಂದಾಗ ಮೊದಲು ನೋಡಿದ್ದು ನಿಮ್ಮನ್ನ. ನೀವು ಏನ್ ಹಿಡ್ಕೊಂಡಿದ್ರಿ ಅಂತ ಅವಳಿಗೆ ಗೊತ್ತು."

"ಎರಡು ಕೈಯಲ್ಲಿ ಎಷ್ಟೂಂತ ಹಿಡೀಲಿ ಶ್ವೇತ?"

"ಒಂದನ್ನ ಹಿಡಿದಿದ್ರೆ ಸಾಕಿತ್ತು."

ಗೂಡ್ಸ್ ರೈಲೊಂದು ಬಂತು. ಅದು ಹೋಗುವತನಕ ಇಬ್ಬರೂ ನಿಂತಿದ್ದೆವು. ಆಮೇಲೆ ಅವಳು ಮೆತ್ತಗೆ ಹೇಳಿದಳು: "ನಾನು ಎಂಥಾ ಮನೇಲಿ ಬೆಳೆದೆ ಅಂತ ನಿಮಗ್ ಗೊತ್ತು. ನನ್ನ ನೋಡೋಕ್ ಬಂದಾಗ ನೀವು ಬಾಯೇ ತೆಗೀಲಿಲ್ಲ. ಎಲ್ಲರೂ ಹುಡುಗ ತುಂಬ ಮೆತ್ತಗೆ ಅಂದ್ರು. ನಾನು ಅದಕ್ಕೇ ಒಪ್ಪಿದ್ದು. ಈ ಮನುಷ್ಯ ಕೂಗಲ್ಲ ಅಂತ. ಅಷ್ಟೇ ಸಾಕಿತ್ತು ನನಗೆ."

ಅವಳ ಅಪ್ಪನ ಸಿಟ್ಟನ್ನು ಹನ್ನೊಂದು ವರ್ಷ ನುಂಗಿದವನು ನಾನು. ಒಂದು ದಿನ ದನಿ ಎತ್ತಿದೆ. ಅದೂ ಅಪಾಯದ ಹೊತ್ತಿನಲ್ಲಿ. ಅದನ್ನೇ ಹಿಡಿದುಕೊಂಡು ಜಗ್ಗುವುದು ನ್ಯಾಯವೇ? ಇದನ್ನೇ ಅವಳಿಗೂ ಹೇಳಿದೆ. ಹೇಳುವಾಗ ಸ್ವಲ್ಪ ಜೋರಾಯಿತೇನೋ. ಎದುರು ಮನೆಯವರು ಕಿಟಕಿ ತೆಗೆದರು. ಶ್ವೇತ ಬಾಗಿಲು ಹಾಕಿಕೊಂಡಳು. ಭಾಗುವಿಗೆಂದು ತಂದಿದ್ದ ಬಿಸ್ಕತ್ತು ಮೆಟ್ಟಿಲ ಮೇಲಿಟ್ಟು ಬಂದೆ.

ಅಕ್ಟೋಬರ್ ೧೫, ಶನಿವಾರ

ಎರಡು ದಿನ ಒಳ್ಳೆಯ ಬಿಸಿಲು. ತೇಪೆ ಕಲ್ಲಾಗಿದೆ. ನಾನೂ ಮಾವನೂ ಈಗ ಮಾತೇ ಇಲ್ಲದೆ ಕೆಲಸ ಮಾಡುತ್ತೇವೆ. ಅವರು ಎಡಗೈ ಚಾಚಿದರೆ ಯಾವ ಸ್ಪ್ಯಾನರ್ ಬೇಕೆಂದು ನನಗೆ ಗೊತ್ತಾಗುತ್ತದೆ. ಗಂಗರತ್ನಮ್ಮ ಮುದ್ದೆ, ಹುರುಳಿ ಸಾರು ತಂದು ಜಗಲಿಯ ತುದಿಯಲ್ಲಿಟ್ಟು ಹೋಗುತ್ತಾರೆ. ಬಚ್ಚಪ್ಪ ಈ ಕಡೆ ಬರುವುದನ್ನೇ ಬಿಟ್ಟಿದ್ದಾರೆ. ಹಳ್ಳಿಯವರ ಮನಸ್ಸು ತಿಳಿಯುವುದಿಲ್ಲ.

ಸಂಜೆ ಇಬ್ಬರೇ ಕೆರೆಗಿಳಿದೆವು. ಆಚೆ ದಡ ಮುಟ್ಟಿ ಬಂದೆವು. ಮೋಟಾರ್ ಒಂದು ಸಲವೂ ಕೆಮ್ಮಲಿಲ್ಲ. ಹಲಗೆ ಎತ್ತಿ ಬೆರಳಿಂದ ಮುಟ್ಟಿ ನೋಡಿದೆ, ಒಣಗಿದ ಸುಣ್ಣದಂತಿತ್ತು. ಮಾವ ತಲೆಯಾಡಿಸಿ, "ನೋಡಿದ್ಯಾ?" ಎಂದರು. ಯಾರಿಗೆ ತೋರಿಸೋಣವೆಂದು ದಡದ ಕಡೆ ನೋಡಿದೆ. ಒಂದು ಎಮ್ಮೆ ನೀರು ಕುಡಿಯುತ್ತಿತ್ತು.

ಅಕ್ಟೋಬರ್ ೧೬, ಭಾನುವಾರ

ರಜೆಯ ಕೊನೆಯ ದಿನ. ಬೆಳಿಗ್ಗೆ ಫೋನ್ ಮಾಡಿದೆ. ಶ್ವೇತ ಎತ್ತಿ, ನನ್ನ ದನಿ ಕೇಳಿ ಭಾಗುವಿನ ಕೈಗೆ ಕೊಟ್ಟಳು.

ಜ್ವರ ಬಿಟ್ಟಿತಾ ಎಂದೆ. ಬಿಟ್ಟಿದೆ ಎಂದಳು. ದೋಣಿ ಪೂರ್ತಿ ಸರಿಹೋಯಿತು, ಒಂದು ಹನಿ ನೀರೂ ಬರುವುದಿಲ್ಲ, ಮಧ್ಯಾಹ್ನದ ಬಸ್ಸಿಗೆ ಬಾ, ಸಂಜೆಯವರೆಗೆ ನಾವಿಬ್ಬರೇ ಸುತ್ತೋಣ, ನೀನೇ ಮೋಟಾರಿನ ಹಿಡಿ ಹಿಡಿದುಕೊಂಡು ನಡೆಸು ಎಂದೆ.

"ನಾನ್ ಬರ್ಲೇಬೇಕಾ ಅಪ್ಪ?" ಎಂದಳು. "ನೀವು ಬೈಯಲ್ಲ ಅಂದ್ರೆ, ನಾನು ಬರಲ್ಲ."

ಬೈಯುವುದಕ್ಕೇನಿದೆ, ಬೇಡವಾದರೆ ಬೇಡ ಎಂದು ಫೋನ್ ಇಟ್ಟೆ.

ಈಗ ಬರೆಯಲು ಕೂತಾಗ ಗಮನಕ್ಕೆ ಬಂತು. ಹುಟ್ಟಿದಾಗಿನಿಂದ ನನ್ನನ್ನು ನೀನು ಎನ್ನುತ್ತಿದ್ದವಳು ಇವತ್ತು ನೀವು ಎಂದಳು. ಶ್ವೇತ ತನ್ನ ಅಪ್ಪನಿಗೆ ಅನ್ನುವ ಹಾಗೆಯೇ. ಚಿಕ್ಕತ್ತೆಯ ಮನೆಯಲ್ಲಿ ಯಾರೋ ಕಲಿಸಿರಬೇಕು. ಒಳ್ಳೆಯದೇ ಆಯಿತು, ದೊಡ್ಡವಳಾಗುತ್ತಿದ್ದಾಳೆ. ಮಾವನಿಗೆ ಹೇಳಿದೆ. ಅವರಿಗೂ ಸಂತೋಷವಾಯಿತು.